ನಾಲ್ಕನೇ ಕರಿ ಪಟ್ಟಿ

ಅಲ್ಮಾಸ್‌ಗೆ ಸ್ವರಜ್ಞಾನ ಇರಲಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಬಾಯಿ ಮಾತ್ರ ಆಡಿಸು ಎಂದು ಟೀಚರು ಹೇಳಿದ್ದರು. ಹುಮನಾಬಾದಿಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಬಂದ ಮೇಲೂ ಆ ಕೊರತೆಯಿಂದ ಯಾವ ಕೇಸೂ ಕೆಟ್ಟಿರಲಿಲ್ಲ. ಈಗ ಅವಳ ಮುಂದೆ ಮೇಲ್ಹಲಗೆ ಬಿಚ್ಚಿದ ಹಾರ್ಮೋನಿಯಂ ಇತ್ತು. ನಡು ಸಪ್ತಕದ ನಾಲ್ಕನೇ ಕರಿ ಪಟ್ಟಿಯ ಕೆಳಗೆ, ಗಾಳಿ ಬರುವ ತೂತಿನಲ್ಲಿ, ಬಿಗಿಯಾಗಿ ತುರುಕಿದ ಹತ್ತಿ.

"ನೋಡ್ರಿ ಮೇಡಂ," ಎಂದರು ಭಜನ ಮಂಡಳಿಯ ಕಾರ್ಯದರ್ಶಿ ಕಸ್ತೂರಿಬಾಯಿ. "ನಮ್ಮ ಹಿರೇರು ಕಲ್ಕತ್ತಾದಿಂದ ತರಿಸಿದ ಪೇಟಿ. ಇದಕ್ಕ ಹತ್ತಿ ತುರುಕ್ಯಾಳ."

"ಯಾರು?"

ಕಸ್ತೂರಿಬಾಯಿ ಗೋಡೆಯ ಕಡೆ ಗದ್ದ ಎತ್ತಿದರು. ಅಲ್ಲಿ ಚಾಪೆಯ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಹೆಸರು ವಿಶಾಖಾ, ಊರು ಮಂಠಾಳ.

ವಿಷಯ ಇಷ್ಟು. ಬಸವಕಲ್ಯಾಣದಲ್ಲಿರುವ ಮಂಡಳಿಯ ಶಾಲೆಗೆ ಸಂಗೀತ ಶಿಕ್ಷಕರು ಬೇಕಾಗಿದ್ದರು. ಕಾಯಂ ಹುದ್ದೆ. ಅದಕ್ಕೆಂದೇ ಪೇಟಿ ಸ್ಪರ್ಧೆ ಇಟ್ಟಿದ್ದರು. ಹವ್ಯಾಸಿಗಳಿಗೂ ವೃತ್ತಿಯವರಿಗೂ ಒಂದೇ ಪಾಠ — ಮಾರವಾ ರಾಗದ ಒಂದು ಗತ್ತು, ಅಂದರೆ ವಾದ್ಯಕ್ಕೆಂದೇ ಕಟ್ಟಿದ ರಚನೆ, ಬೆರಳು ತಪ್ಪಿಸುವಂಥ ಓಟದ್ದು. ತೀರ್ಪುಗಾರರು ಪರದೆಯ ಆಚೆ. ಅವರಿಗೆ ಹೆಸರು ಗೊತ್ತಿಲ್ಲ, ನಂಬರು ಮಾತ್ರ. ಬೆಳಗಿನ ಸುತ್ತಿನಲ್ಲಿ ಇಬ್ಬರು ಉಳಿದರು: ಕೀರ್ತನಕಾರರಿಗೆ ಸಾಥ್ ಕೊಟ್ಟು ಜೀವನ ಮಾಡುವ ಸಂಜೀವಕುಮಾರ, ಮತ್ತು ಈ ಹುಡುಗಿ.

ಊಟದ ನಂತರ ಅಂತಿಮ ಸುತ್ತು. ಮೊದಲು ಕೂತವಳು ವಿಶಾಖಾ. ನಡುವೆಯೇ ನಿಲ್ಲಿಸಿ, ಒಂದು ಪಟ್ಟಿ ನುಡಿಯುತ್ತಿಲ್ಲ ಎಂದಳು. ಪರದೆಯ ಆಚೆಯಿಂದ "ಮುಂದಿನವರು" ಎಂಬ ದನಿ ಬಂತು. ಸಂಜೀವಕುಮಾರ ಅದೇ ಪೇಟಿಗೆ ಕೂತು ಅದೇ ಗತ್ತನ್ನು ಆದಿಯಿಂದ ಅಂತ್ಯದವರೆಗೆ ಎಲ್ಲೂ ತಡೆಯದೆ ನುಡಿಸಿದ. ಆಮೇಲೆ ವಿಶಾಖಾ ಹಟ ಹಿಡಿದು ಪೇಟಿ ಬಿಚ್ಚಿಸಿದಳು. ಹತ್ತಿ ಸಿಕ್ಕಿತು.

"ಪೇಟಿ ಮೊದಲೇ ಕೆಟ್ಟಿದ್ರ ಸಂಜೀವಕುಮಾರ ಹ್ಯಾಂಗ ನುಡಸ್ತಿದ್ರು?" ಎಂದರು ಕಸ್ತೂರಿಬಾಯಿ. "ಅವರು ಎದ್ದ ಮ್ಯಾಲ ನಾವು ಚಾಕ್ಕ ಹೋದಿವಿ. ಈಕಿ ಒಬ್ಬಾಕಿನೇ ಇಲ್ಲಿ ಕುಂತಿದ್ಲು. ಸೋತಿದ್ದಕ್ಕ ಒಂದು ನೆಪ ಬೇಕಲ್ಲ?"

ಮಾತು ಸರಿಯಾಗಿಯೇ ಇತ್ತು. ಅಲ್ಮಾಸ್ ಹುಡುಗಿಯ ಎದುರು ಕೂತಳು.

"ಒಬ್ಬಾಕಿನೇ ಇದ್ದೇನು?"

"ಇದ್ದೆರಿ. ನನ್ನ ಚಾಕ್ಕ ಯಾರೂ ಕರೀಲಿಲ್ಲ."

"ಪೇಟಿ ಮುಟ್ಟಿದಿ?"

"ಇಲ್ರಿ."

"ಯಾರಾದ್ರೂ ನೋಡ್ಯಾರ?"

"ಮುಟ್ಟಲಾರದ್ದನ್ನ ಯಾರು ನೋಡ್ತಾರ್ರಿ?"

ಅಲ್ಮಾಸ್ ಮಾತು ತಿರುಗಿಸಿದಳು. "ಎಲ್ಲಿ ಕಲ್ತಿ?"

"ನಮ್ಮೂರ ಬುದ್ಧ ವಿಹಾರದಾಗ. ಅಪ್ಪ ಅಲ್ಲಿ ಹಾಡ್ತಿದ್ದ. ಈಗ ಬಸವಕಲ್ಯಾಣದಾಗ ಬಟ್ಟಿ ಅಂಗಡ್ಯಾಗ ದುಡೀತೀನಿ. ಈ ನೌಕರಿ ಬಂದ್ರ ಅಂಗಡಿ ಬಿಡೋಳಿದ್ದೆ. ಈಗ ಕೇಸ್ ಆದ್ರ ಅಂಗಡ್ಯಾಗೂ ಇಟ್ಕೊಳ್ಳಂಗಿಲ್ಲ."

"ಒಂದು ಪಟ್ಟಿ ನುಡೀಲಿಲ್ಲ ಅಂದ್ರ ಅದನ್ನ ಬಿಟ್ಟು ಮುಂದ ಹೋಗಾಕ ಬರಂಗಿಲ್ಲೇನು?"

"ನನ್ನ ಸಾ ಬಿಳಿ ಎರಡಕ್ಕ, ಅಂದ್ರ ಎರಡನೇ ಬಿಳಿ ಪಟ್ಟಿಗೆ. ಅಲ್ಲಿಂದ ಎಣಿಸಿದ್ರ ಆ ಕರಿ ಪಟ್ಟಿ ಮಧ್ಯಮ. ಮಾರವಾದಾಗ ಮಧ್ಯಮ ಬಿಟ್ರ ಏನು ಉಳೀತು?"

"ಸಾ ಎಲ್ಲಾರಿಗೂ ಒಂದೇ ಕಡಿ ಇರಂಗಿಲ್ಲ?"

ವಿಶಾಖಾ ಮೊದಲ ಸಲ ಅವಳ ಮುಖ ನೋಡಿದಳು. "ಇಲ್ರಿ. ಯಾರಿಗೆ ಎಲ್ಲಿ ಅನುಕೂಲನೋ ಅಲ್ಲಿ ಇಟ್ಕೋತಾರ."

ತೀರ್ಪುಗಾರ ಮಹಾರುದ್ರಪ್ಪನವರು ನಿವೃತ್ತ ಸಂಗೀತ ಅಧ್ಯಾಪಕರು. ಅಲ್ಮಾಸ್ ಅವರನ್ನು ಕೇಳಿದಳು, "ಬೆಳಿಗ್ಗಿ ಯಾರು ಮುಂದಿದ್ರು?"

"ಎರಡನೇ ನಂಬರ್. ಬಹಳ ಮುಂದ. ಮಾರವಾದಾಗ ಸಾ ತಪ್ಪಿಸಿ ತಿರಗಬೇಕ್ರಿ, ಅದೇ ಕಷ್ಟ. ಎರಡನೇದಾಕಿ ತಿರಗಿದ್ಲು. ಒಂದನೇದಾಂವ ಘಳಿಗಿಗೊಮ್ಮೆ ಸಾಕ್ಕ ಬಂದು ಕೂಡತಿದ್ದ, ಬಸ್ ಸ್ಟ್ಯಾಂಡಿನಾಗ ಕುಂತಂಗ." ಅವರು ನಗಲು ಹೋಗಿ ಬಿಟ್ಟರು. "ಊಟಕ್ಕ ಕುಂತಾಗ ಇದನ್ನೇ ಎಲ್ಲಾರ ಮುಂದ ಅಂದುಬಿಟ್ಟೆ — ಎರಡನೇ ಕೈ ವೃತ್ತಿಯವರದು, ಒಂದನೇದು ಮನ್ಯಾಗ ಬ್ಯಾಸರ ಕಳಿಯೋ ಕೈ ಅಂತ."

"ಒಂದನೇ ನಂಬರ್ ಯಾರದು?"

"ಆಮ್ಯಾಲ ಗೊತ್ತಾತು." ಮಹಾರುದ್ರಪ್ಪ ಕನ್ನಡಕ ತೆಗೆದು ಒರೆಸಿದರು. "ಸಂಜೀವಕುಮಾರನದು. ನನ್ನ ಎದುರಿನ ಸಾಲಿನಾಗೇ ಉಣ್ಣಾಕತ್ತಿದ್ದ."

ಸಂಜೀವಕುಮಾರ ನಲವತ್ತು ದಾಟಿದವನು. ಇಸ್ತ್ರಿ ಮಾಡಿದ ಜುಬ್ಬಾ, ಮೆತ್ತಗಿನ ಮಾತು.

"ಪಟ್ಟಿ ಸುಮ್ಮನಿದ್ದದ್ದು ನಿಮಗ ಗೊತ್ತಾಗಲಿಲ್ಲೇನ್ರಿ?"

"ಸುಮ್ಮನಿದ್ರ ಗೊತ್ತಾಗತಿತ್ತು ಮೇಡಂ. ಇಡೀ ಸಭಾ ಕೇಳ್ಯದ. ಒಂದು ಸ್ವರ ಹಾರಿದ್ರ ಹೇಳ್ಲಿ."

"ಊಟದ ಹೊತ್ತಿನಾಗ ಇಲ್ಲಿ ಬಂದಿದ್ರಿ?"

"ಬಾಗಿಲಾ ತೆರದೇ ಇತ್ತು. ಎಲ್ಲಾರೂ ಬಂದು ಹೋಗ್ಯಾರ. ನನ್ನ ಶಾಲು ಇಲ್ಲೇ ಇತ್ತು."

ಉಳಿದವರು ಇಬ್ಬರಿಗೂ ತಬಲಾ ಬಾರಿಸಿದ ಅಬ್ದುಲ್ ಕರೀಂ. ಸ್ಪರ್ಧೆ ಮುಗಿದ ಕೂಡಲೇ ಬಸ್ ಹಿಡಿದು ಹೋಗಿದ್ದರು. ಮರುದಿನ ಅಲ್ಮಾಸ್ ಬಸವಕಲ್ಯಾಣಕ್ಕೆ ಹೋದಳು. ಕೋಟೆಯ ಕಡೆಯ ಓಣಿಯಲ್ಲಿ ಅವರ ಅಂಗಡಿ. ಮುದುಕರು ಡಗ್ಗಾಕ್ಕೆ ಹೊಸ ಚರ್ಮ ಹಾಕುತ್ತಿದ್ದರು.

"ಬಾ ಬೇಟಿ. ಪೊಲೀಸ್‌ನವರು ಬಡಿಯಾಕ ತಬಲಾ ಯಾವಾಗ ಹಿಡಿದ್ರಿ?"

"ಕಲಿಯಾಕ ಬಂದಿಲ್ಲ ಚಾಚಾ. ನಿನ್ನೆ ಸ್ಪರ್ಧೆಯೊಳಗ ಏನಾರ ಬ್ಯಾರೆ ಅನಿಸ್ತೇನು?"

"ಏನೂ ಇಲ್ಲ. ಆ ಹುಡುಗಿ ನಡುವೇ ನಿಂತಾಗ ಅಫ್ಸೋಸ್ ಆತು. ಹ್ಞಾಂ, ನನಗ ಒಂದು ಜೋಡಿ ತಬಲಾ ಇಳಿಸೂ ಕೆಲಸ ಬಿತ್ತು. ಊಟಾನೇ ನೆಟ್ಟಗ ಆಗಲಿಲ್ಲ."

"ಇಳಿಸೂದು ಅಂದ್ರ?"

"ತಬಲಾ ನುಡಿಸೋರ ಸಾಕ್ಕ ಕೂಡಬೇಕಲ್ಲ. ಸಂಜೀವಕುಮಾರ್ ಸಾಬ್ ಬೆಳಿಗ್ಗಿ ಬಿಳಿ ಎರಡಕ್ಕ ಸಾ ಇಟ್ಟು ನುಡಿಸಿದ್ರು, ಹುಡುಗಿ ಇಟ್ಟಲ್ಲೇ. ಊಟ ಆದ ಮ್ಯಾಲ ಬಂದು, ಚಾಚಾ, ನನಗ ಕರಿ ಒಂದಕ್ಕ ಇಳಿಸಿ ಹಚ್ಚಿಡು ಅಂದ್ರು."

"ಹುಡುಗಿ ಪೇಟಿಗೆ ಕೂಡೋಕಿಂತ ಮೊದಲೋ, ಆಮ್ಯಾಲೋ?"

"ಮೊದಲು. ಒಂದು ಜೋಡಿ ಆಕಿಗಂತ ಹಂಗೇ ಇಟ್ಟು, ಇನ್ನೊಂದು ಬಡದು ಬಡದು ಇಳಿಸಿದೆ."

"ಯಾಕ ಅಂತ ಕೇಳಲಿಲ್ಲ?"

"ಅವರೇ ಹೇಳಿದ್ರು. ಗಂಟಲಾ ಹಿಡದದ ಅಂತ. ಇದು ನನ್ನ ದಿನದ ಧಂದಾ ಬೇಟಿ. ಗಂಟಲಾ ಹಿಡೀತು ಅಂದ್ರ ಇಳಿಸೂದು, ಬಿಡ್ತು ಅಂದ್ರ ಏರಿಸೂದು."

ಅಲ್ಮಾಸ್ ಚಹದ ಲೋಟ ಕೆಳಗಿಟ್ಟಳು. "ಇದನ್ನ ಹುಮನಾಬಾದಿಗೆ ಬಂದು ಹೇಳ್ತೀರೇನು?"

"ಇದರಾಗ ಹೇಳೋದೇನದ?"

"ಬರ್ರಿ. ಜೀಪದ."

ಮಂಡಳಿಯ ಹಾಲ್‌ಗೆ ಎಲ್ಲರನ್ನೂ ಕರೆಸಿದ್ದಾಯಿತು. ಅಲ್ಮಾಸ್ ಹತ್ತಿಯನ್ನು ಮೊದಲಿದ್ದ ತೂತಿನಲ್ಲೇ ತುರುಕಿಸಿ ಪೇಟಿ ಮುಚ್ಚಿಸಿದಳು.

"ವಿಶಾಖಾ, ಕರಿ ಒಂದಕ್ಕ ಸಾ ಇಟ್ಟು ಆ ಗತ್ತು ನುಡಸು."

ವಿಶಾಖಾಳಿಗೆ ಆ ಜಾಗದಿಂದ ರೂಢಿ ಇರಲಿಲ್ಲ. ನಿಧಾನವಾಗಿ ನುಡಿಸಿದಳು. ಗತ್ತು ಪೂರ್ತಿ ಮುಗಿಯಿತು. ಎಲ್ಲೂ ಸ್ವರ ಹಾರಲಿಲ್ಲ.

"ಈಗ ಬಿಳಿ ಎರಡಕ್ಕ."

ಮೊದಲ ಸಾಲಿನಲ್ಲೇ ಪೇಟಿ ಉಸಿರು ಬಿಟ್ಟಂತೆ ಸುಮ್ಮನಾಯಿತು.

ಮಹಾರುದ್ರಪ್ಪ ಎದ್ದು ನಿಂತರು. "ಪಂಚಮ! ಕರಿ ಒಂದು ಸಾ ಆದ್ರ ಆ ಪಟ್ಟಿ ಪಂಚಮ ಆಗ್ತದ. ಮಾರವಾದಾಗ ಪಂಚಮ ಇಲ್ಲೇ ಇಲ್ಲ. ಬೆರಳು ಅದರ ಮ್ಯಾಲ ಹೋಗಂಗೇ ಇಲ್ಲ."

"ಹೌದ್ರಿ," ಎಂದಳು ಅಲ್ಮಾಸ್. "ಸಂಜೀವಕುಮಾರ ತಡೀದೆ ನುಡಿಸಿದ್ರು ಅಂದ್ರ ಪೇಟಿ ಸರಿ ಇತ್ತು ಅಂತ ಅಲ್ಲ. ಕೆಟ್ಟ ಪಟ್ಟಿ ಅವರಿಗೆ ಬೇಕಾಗಿರಲಿಲ್ಲ, ಅಷ್ಟೇ. ಹತ್ತಿ ಮೊದಲೇ ಇತ್ತು."

ಸಂಜೀವಕುಮಾರ ಗಾಬರಿಯಾಗಲಿಲ್ಲ. "ಆಕಿ ಎಲ್ಲಿ ನಿಂತಳು ಅಂತ ನಾ ಕೇಳಿದೆ. ಆ ಪಟ್ಟಿ ತಪ್ಪಿಸಾಕ ಸಾ ಬದಲಿ ಮಾಡಿದೆ. ಜಾಣತನ ಅಪರಾಧ ಏನ್ರಿ?"

"ಆಕಿ ನಿಲ್ಲೋಕಿಂತ ಮೊದಲೇ ತಬಲಾ ಇಳಿಸಾಕ ಹೇಳಿದ್ರಿ. ಚಾಚಾ ಇಲ್ಲೇ ಇದ್ದಾರ."

ಅಬ್ದುಲ್ ಕರೀಂ ತಲೆ ಆಡಿಸಿದರು. ಸಂಜೀವಕುಮಾರ ಅವರತ್ತ ನೋಡಿದ. "ಅದು ನಿಜ. ಚಾಚಾಗ ಕಾರಣಾನೂ ಹೇಳಿದ್ದೆ. ಗಂಟಲಾ ಹಿಡದಿತ್ತು."

"ನನಗ ಸಂಗೀತ ಬರಂಗಿಲ್ಲ, ಅದಕ್ಕ ಕೇಳ್ತೀನಿ. ನೀವು ಹಾಡೋರಿದ್ರೇನು?"

ಅಲ್ಮಾಸ್ ಪೇಟಿಯ ಮೇಲೆ ಕೈಯಿಟ್ಟಳು.

"ಪೇಟಿಗೆ ಗಂಟಲಾ ಎಲ್ಲಿಂದ ಬಂತ್ರಿ, ಹಿಡಿಯಾಕ?"

ಅಬ್ದುಲ್ ಕರೀಂ ತಮ್ಮ ಹಣೆಗೆ ತಾವೇ ಬಡಿದುಕೊಂಡರು. "ಯಾ ಅಲ್ಲಾ. ನಾನೂ ಹ್ಞೂಂ ಅಂದು ಇಳಿಸಿದ್ನಲ್ಲ."

"ನೀವು ದಿನಾ ಕೇಳೋ ಮಾತು ಚಾಚಾ. ಅವರು ದಿನಾ ಹೇಳೋ ಮಾತು. ಅದಕ್ಕ ಇಬ್ಬರಿಗೂ ವಿಚಿತ್ರ ಅನಿಸಲಿಲ್ಲ. ಇಬ್ಬರೂ ಮಂದಿ ಹಾಡಿಗೆ ಸಾಥ್ ಕೊಡೋರು. ನಿನ್ನೆ ಊಟದ ಸಾಲಿನಾಗ ಒಂದು ಮಾತು ಬಿತ್ತು. ಆಮ್ಯಾಲ ಇವರು ಇಲ್ಲಿ ಬಂದು ಆಕಿ ಮಧ್ಯಮಕ್ಕ ಹತ್ತಿ ಇಟ್ಟರು. ಅದೇ ಹತ್ತಿ ತಮಗೂ ಅಡ್ಡ ಬರಬಾರದಂತ ತಮ್ಮ ಸಾ ಒಂದು ಪಟ್ಟಿ ಇಳಿಸಿಕೊಂಡ್ರು."

ಸಂಜೀವಕುಮಾರ ತನ್ನ ಕೈಬೆರಳು ನೋಡಿಕೊಂಡ.

"ವಯಸ್ಸೆಲ್ಲಾ ಮಂದಿ ಗಂಟಲಾ ಕಾಯ್ದೀನಿ," ಎಂದ. "ಬಾಯಿಗೆ ಅದೇ ಬಂತು." ನಂತರ ಮಹಾರುದ್ರಪ್ಪನವರ ಕಡೆ ತಿರುಗಿದ. "ಹಾಡವ್ರು ಸಾಕ್ಕ ಬಂದು ಉಸಿರು ತಗೋತಾರ ಸರ್. ಅವರ ಹಿಂದ ನಾನೂ ಬರ್ತೀನಿ. ಬ್ಯಾಸರ ಕಳಿಯಾಕ ನುಡಿಸಿಲ್ಲ."



ವಿಶಾಖಾಳ ಮೇಲಿನ ದೂರನ್ನು ಕಸ್ತೂರಿಬಾಯಿ ವಾಪಸ್ ಪಡೆದರು. ಅಲ್ಮಾಸ್ ಹುದ್ದೆಯ ವಿಷಯ ಎತ್ತಿದಳು.

"ಈಗ ಇಬ್ಬರ ಹೆಸರೂ ಗೊತ್ತಾದ್ವು," ಎಂದರು ಮಹಾರುದ್ರಪ್ಪ. "ಇನ್ನ ಪರದೆ ಹಾಕಿ ಏನು ಉಪಯೋಗ?"

"ಬೆಳಗಿನ ಅಂಕ ಅದಾವಲ್ಲ?"

"ಅದು ಆಯ್ಕಿ ಸುತ್ತು ಮೇಡಂ," ಎಂದರು ಕಸ್ತೂರಿಬಾಯಿ. "ಅದರ ಮ್ಯಾಲ ನೌಕರಿ ಕೊಡಾಕ ಬರಂಗಿಲ್ಲ. ಈ ವರ್ಷ ಹುದ್ದಿ ತುಂಬೋದು ಬ್ಯಾಡಂತ ಮಂಡಳಿ ಠರಾವ್ ಮಾಡ್ಯದ."

ಅದಕ್ಕೆ ಹಚ್ಚುವ ಕಲಂ ಅಲ್ಮಾಸ್‌ಗೆ ಗೊತ್ತಿರಲಿಲ್ಲ. ವಿಶಾಖಾ ಚಪ್ಪಲಿ ಮೆಟ್ಟಿಕೊಂಡಳು.

"ಬಿಡ್ತೀನಿ ಬಾ," ಎಂದಳು ಅಲ್ಮಾಸ್. "ಬಸವಕಲ್ಯಾಣ ಕಡೀಗೆ ಜೀಪ್ ಹೊಂಟದ."

"ಬ್ಯಾಡ್ರಿ. ಪೊಲೀಸ್ ಜೀಪಿನಿಂದ ಇಳಿದ್ರ ಅಂಗಡಿ ಸಾವ್ಕಾರ ಕೇಳ್ತಾನ."

ಸಾಯಂಕಾಲ ಪೇಟಿಯೊಳಗಿನ ಹತ್ತಿ ತೆಗೆದರು. ಅದರ ಒಂದು ಸ್ವರವೂ ಕೆಟ್ಟಿರಲಿಲ್ಲ. ಹೋದದ್ದು ಒಂದು ನೌಕರಿ, ಒಬ್ಬ ಸಾಥಿದಾರನ ಹೆಸರು, ಬಟ್ಟೆ ಅಂಗಡಿಯ ಎರಡು ದಿನದ ಪಗಾರ.