ಆಮೆಗೆ ಹಾಕಿಸಿದ ಹೊಸ ಲೈಟು

"ಅಜ್ಜಂಗೆ ಕಣ್ಣು ಚೆನ್ನಾಗೇ ಕಾಣ್ಸುತ್ತೆ! ತಪ್ಪೆಲ್ಲ ಕಾರಿನ ಲೈಟಿಂದು!"

ಮೆಣಸು ಕುರ್ಚಿಯಿಂದ ಎದ್ದು ನಿಂತೇ ಕೂಗಿದಳು. ಅವಳ ಮೊಣಕೈ ತಗುಲಿ ನೀರಿನ ಲೋಟ ಉರುಳಿತು.

ಅವಳ ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ. ಮನೆಯಲ್ಲಿ ಎಲ್ಲರಿಗೂ ಅವಳು ಮೆಣಸು. ಯಾಕೆ ಅಂತ ಹೊಸಬರೂ ಕೇಳುತ್ತಿರಲಿಲ್ಲ. ಅವಳು ಒಮ್ಮೆ ಬಾಯಿ ತೆರೆದರೆ ಸಾಕು, ಗೊತ್ತಾಗಿಬಿಡುತ್ತಿತ್ತು.

"ಕಣ್ಣು ಕಾಣುತ್ತೋ ಇಲ್ವೋ, ಎದುರುಮನೆಯವರ ಕಸದ ಡ್ರಮ್ಮಂತೂ ಕಾರಿಗೆ ಸಿಕ್ಕಿ ಅಪ್ಪಚ್ಚಿ ಆಗಿದೆ," ಅಂದರು ಅಪ್ಪ. "ಇವತ್ತು ಡ್ರಮ್ಮು. ನಾಳೆ ಯಾರಾದ್ರೂ ಮನುಷ್ಯರು ಅಡ್ಡ ಬಂದ್ರೆ? ಇನ್ಮೇಲೆ ಅಜ್ಜ ಕಾರು ಓಡಿಸೋದು ಬೇಡ."

ಹಾಗೆಂದು ಕಾರಿನ ಕೀ ತೆಗೆದು ಕಪಾಟಿನ ಮೇಲಿಟ್ಟರು. ಮೆಣಸಿಗೆ ಎಟುಕದಷ್ಟು ಮೇಲೆ.

"ನಾನೂ ಕಾರಲ್ಲೇ ಇದ್ದೆ. ಆ ಕತ್ತಲಲ್ಲಿ ನಂಗೂ ಡ್ರಮ್ಮು ಕಾಣ್ಲಿಲ್ಲ. ಹಾಗಾದ್ರೆ ನನ್ನ ಕಣ್ಣೂ ಹೋಗಿದ್ಯಾ?"

"ಊಟದ ಹೊತ್ತಲ್ಲಿ ಜಗಳ ಬೇಡ," ಅಂದರು ಅಮ್ಮ, ಮೇಜು ಒರೆಸುತ್ತಾ.

ಅಜ್ಜ ಮಾತ್ರ ಚೆಲ್ಲಿದ ನೀರು ತಮ್ಮ ಕಡೆ ಹರಿದು ಬರುವುದನ್ನು ನೋಡುತ್ತಾ ಕೂತಿದ್ದರು.

ಮೆಣಸಿಗೆ ಮೈಯೆಲ್ಲ ಉರಿಯಿತು. ಆ ಕಾರು ಅಜ್ಜನದು. ಅಪ್ಪ ಹುಟ್ಟುವ ಮೊದಲೇ ಮನೆಗೆ ಬಂದದ್ದು. ಹಸಿರು ಬಣ್ಣ, ಗುಂಡು ಬೆನ್ನು, ಮುಂದೆ ಎರಡು ದುಂಡು ಲೈಟು. ಅದಕ್ಕೆ ಆಮೆ ಅಂತ ಹೆಸರಿಟ್ಟದ್ದು ಮೆಣಸೇ. ಅಪ್ಪನನ್ನು ಶಾಲೆಗೆ ಬಿಟ್ಟದ್ದು ಆಮೆ. ಮೆಣಸನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಆಮೆಯೇ. ಓಡಿಸಿದವರು ಅಜ್ಜ. ಇಷ್ಟು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. ಈಗ ಒಂದು ಕಸದ ಡ್ರಮ್ಮಿಗಾಗಿ ಕೀ ಕಿತ್ತುಕೊಳ್ಳುವುದೇ?

ಮರುದಿನ ಶಾಲೆಯಲ್ಲಿ ಇನ್ನೂ ಕಷ್ಟವಾಯಿತು. ಎದುರುಮನೆ ಹುಡುಗ ಅವಳ ಕ್ಲಾಸಿನವನೇ. ಅವಳನ್ನು ಕಂಡೊಡನೆ ಡೆಸ್ಕು ಬಡಿದು, "ಡಬ್! ಡಬ್! ಡ್ರಮ್ ಅಜ್ಜ ಬಂದ್ರು, ದಾರಿ ಬಿಡಿ!" ಅಂದ. ಕ್ಲಾಸೆಲ್ಲ ನಕ್ಕಿತು.

"ನಿಮ್ಮ ಡ್ರಮ್ಮು ರಸ್ತೆ ಮಧ್ಯೆ ಯಾಕಿತ್ತು?" ಮೆಣಸು ಅವನ ಮುಖಕ್ಕೇ ಕೇಳಿದಳು. "ರಸ್ತೆ ನಿಮ್ಮಪ್ಪಂದಾ?"

ಟೀಚರ್ ಅವಳನ್ನೇ ಹೊರಗೆ ನಿಲ್ಲಿಸಿದರು. ಡೆಸ್ಕು ಬಡಿದವನು ಒಳಗೆ ಆರಾಮಾಗಿ ಕೂತ. ಇದೆಂಥ ನ್ಯಾಯ! ಹೊರಗೆ ನಿಂತು ನಿಂತು ಅವಳಿಗೊಂದು ಉಪಾಯ ಹೊಳೆಯಿತು.

ಸಂಜೆ ಅಪ್ಪ ಬೈಕ್ ಒಳಗೆ ತರುವುದನ್ನೇ ಕಾದಿದ್ದಳು. "ಬೈಕನ್ನ ಆಮೆ ಪಕ್ಕ ನಿಲ್ಸು. ಗೋಡೆ ಕಡೆ ಮುಖ ಮಾಡಿ. ಎರಡರ ಲೈಟೂ ಹಾಕು. ಆಮೇಲೆ ಮಾತಾಡು."

ಅಪ್ಪ ಸುಸ್ತಾಗಿದ್ದರು. ಆದರೆ ಮೆಣಸಿನ ಮುಖ ನೋಡಿ, ಇವಳು ಇಷ್ಟಕ್ಕೇ ಬಿಡುವುದಿಲ್ಲ ಅಂತ ತಿಳಿದು, ಕೀ ತಂದರು.

ಬೈಕಿನ ಒಂದೇ ಲೈಟಿಗೆ ಗೋಡೆ ಬೆಳ್ಳಗಾಯಿತು. ಸುಣ್ಣದ ಬಿರುಕೂ ಕಂಡಿತು. ಆಮೆಯ ಎರಡು ಲೈಟು ಸೇರಿ ಅದರ ಪಕ್ಕದಲ್ಲಿ ಎರಡು ಹಳದಿ ಕಲೆ ಮಾಡಿದವು, ಅಷ್ಟೆ.

ಅಪ್ಪ ಸ್ವಲ್ಪ ಹೊತ್ತು ಕುತ್ತಿಗೆ ತುರಿಸಿಕೊಂಡರು. "ಬೈಕಲ್ಲಿರೋದು ಹ್ಯಾಲೊಜೆನ್ ಬಲ್ಬು," ಅಂದರು.

"ಹಾಗಾದ್ರೆ ಆಮೆಗೂ ಹ್ಯಾಲೊಜೆನ್ ಹಾಕ್ಸು! ಅಜ್ಜಂಗೂ ಅದೇ ಬೇಕು. ಅಲ್ವಾ ಅಜ್ಜ?"

ಬಾಗಿಲಲ್ಲಿ ನಿಂತಿದ್ದ ಅಜ್ಜ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಮೆಣಸು, "ನೋಡು, ಹೂಂ ಅಂದ್ರು!" ಅಂದುಬಿಟ್ಟಳು.

ರಜೆಯ ದಿನ ಮೂವರೂ ಗಾಡಿಗಳ ಲೈಟು, ಬ್ಯಾಟರಿ ರಿಪೇರಿ ಮಾಡುವ ವೈರಿಂಗ್ ಮಾಮನ ಅಂಗಡಿಗೆ ಹೋದರು. ಆಮೆಯನ್ನು ಅಪ್ಪನೇ ಓಡಿಸಿದರು. ಅಂಗಡಿಯ ಗೋಡೆಯಲ್ಲಿ ಮೊಳೆ ಹೊಡೆದು ಕೆಂಪು, ನೀಲಿ, ಹಳದಿ ತಂತಿಯ ಸುರುಳಿ ನೇತುಹಾಕಿತ್ತು. ಬ್ಯಾಟರಿಯ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ವೈರಿಂಗ್ ಮಾಮ ಕಾರನ್ನು ಒಂದು ಸುತ್ತು ನೋಡಿ, ಅಪ್ಪನ ಕಡೆ ತಿರುಗಿ, "ಯಜಮಾನ್ರಿಗೆ ವಯಸ್ಸೆಷ್ಟು ಸಾರ್? ಇನ್ನೂ ರಾತ್ರಿ ಹೊತ್ತು ಓಡಿಸ್ತಾರಾ? ಈ ವಯಸ್ಸಲ್ಲಿ ಯಾಕೆ ಸಾರ್ ಅವ್ರಿಗೆ ಹ್ಯಾಲೊಜೆನ್ನು?" ಅಂದರು.

"ಅವ್ರು ಇಲ್ಲೇ ನಿಂತಿದಾರೆ!" ಮೆಣಸು ಮಧ್ಯೆ ನುಗ್ಗಿದಳು. "ಕಾರು ಅವ್ರದ್ದು. ಅವ್ರನ್ನೇ ಕೇಳಬಹುದಲ್ವಾ?"

ಮಾಮನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. "ಅಬ್ಬಾ! ಇವಳ ಬಾಯಿಗೇ ಒಂದು ಫ್ಯೂಸ್ ಹಾಕ್ಬೇಕು," ಅಂದು ನಕ್ಕರು. ಅಪ್ಪ ನಕ್ಕರು. ಅಜ್ಜನೂ ಒಂದು ಚೂರು ನಕ್ಕರು. ಮೆಣಸು ನಗಲಿಲ್ಲ.

ಮಾಮ ಲೈಟಿನ ಸುತ್ತಲಿನ ಹೊಳೆಯುವ ಬಳೆ ಬಿಚ್ಚಿದರು. ಒಳಗಿನ ಕನ್ನಡಿಯಂಥ ಬಟ್ಟಲು ಮಸಿ ಹಿಡಿದಂತೆ ಮಂಕಾಗಿತ್ತು. ಹಿಂದಿನ ತಂತಿ ಎಳೆದರೆ ಅದರ ರಬ್ಬರು ಪುಡಿಪುಡಿಯಾಗಿ ಉದುರಿತು.

"ಇದಕ್ಕೆ ಹಾಗೇ ಹ್ಯಾಲೊಜೆನ್ ಹಾಕಿದ್ರೆ ತಂತಿ ಸುಟ್ಟು ಹೋಗುತ್ತೆ. ಆ ಬಲ್ಬು ಜಾಸ್ತಿ ಕರೆಂಟು ಕುಡಿಯುತ್ತೆ," ಅಂದರು ಮಾಮ. ಮಂಕಾದ ಬಟ್ಟಲು ಬದಲಿಸಿ, ಹೊಸ ದಪ್ಪ ತಂತಿ ಎಳೆದರು. ಬೆಂಕಿಪೊಟ್ಟಣದಂಥ ಒಂದು ಕಪ್ಪು ಡಬ್ಬಿ ತೋರಿಸಿದರು. "ಇದು ರಿಲೇ. ಮೊದ್ಲು ಕರೆಂಟೆಲ್ಲ ಆ ಹಳೇ ಸ್ವಿಚ್ಚಿನೊಳಗೇ ಹಾದು ಹೋಗ್ಬೇಕಿತ್ತು. ಈಗ ಸ್ವಿಚ್ಚು ಬರೀ ಸನ್ನೆ ಮಾಡುತ್ತೆ. ಬ್ಯಾಟರಿಯಿಂದ ಲೈಟಿಗೆ ನೇರ ಕರೆಂಟು ಕಳಿಸೋದು ಇದರ ಕೆಲಸ."

ಹೊಸ ಬಲ್ಬು ಹೊರಬಂದಾಗ ಮೆಣಸು ಕೈ ಚಾಚಿದಳು.

"ಗಾಜು ಮುಟ್ಬೇಡ! ಬೆರಳಿನ ಜಿಡ್ಡು ತಾಗಿದ್ರೆ ಬೇಗ ಒಡೆಯುತ್ತೆ." ಮಾಮ ಒಂದು ಕಾಗದದಲ್ಲಿ ಅದರ ಬುಡ ಹಿಡಿದು ಕೂರಿಸಿದರು.

ಕೊನೆಗೆ ಅಂಗಡಿಯ ಶಟರ್ ಎಳೆದು, ಕತ್ತಲು ಮಾಡಿ, ಲೈಟು ಹಾಕಿದರು. ಹಿಂದಿನ ಗೋಡೆ ಪಳಪಳ ಹೊಳೆಯಿತು. ಗೋಡೆಯ ಮೇಲೆ ಗೆರೆ ಎಳೆದು, ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯದ ಹಾಗೆ ಸ್ವಲ್ಪ ಕೆಳಗೆ ಬಗ್ಗಿಸಿದರು.

"ಹಳೇ ಲೈಟಲ್ಲಿ ಅರ್ಧ ಕರೆಂಟು ದಾರೀಲೇ ಸೋರಿ ಹೋಗ್ತಿತ್ತು," ಅಂದರು ಮಾಮ.

"ಕೇಳಿಸ್ತಾ?" ಮೆಣಸು ಅಪ್ಪನ ಅಂಗಿ ಜಗ್ಗಿದಳು. "ಅಜ್ಜಂದು ಏನೂ ತಪ್ಪಿಲ್ಲ ಅಂತ ನಾನು ಹೇಳ್ಲಿಲ್ವಾ?"

"ಆಯ್ತು ಮಾರಾಯ್ತಿ. ನೀನು ಗೆದ್ದೆ, ನಾನು ಸೋತೆ." ಅಪ್ಪ ಕೀ ತೆಗೆದು ಅಜ್ಜನ ಕೈಗಿಟ್ಟರು. "ಸಾರಿ ಅಪ್ಪ. ನಾನು ಸುಮ್ನೆ ನಿಮ್ಮ ಮೇಲೆ ಹಾಕ್ಬಿಟ್ಟೆ."

ಅಜ್ಜ ಕೀ ತಗೊಂಡರು. ಅದನ್ನು ಜೇಬಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಇಟ್ಟುಕೊಂಡು ನಿಂತರು. ಇಷ್ಟು ದೊಡ್ಡ ಗೆಲುವಿಗೆ ಅಜ್ಜ ಇನ್ನೂ ಸ್ವಲ್ಪ ಖುಷಿ ಪಡಬಹುದಿತ್ತು ಅಂತ ಮೆಣಸಿಗೆ ಅನ್ನಿಸಿತು.

ಹೊತ್ತು ಮುಳುಗಿದ ಮೇಲೆ ಹೊಸ ಲೈಟು ನೋಡಲು ಅಜ್ಜ, ಮೆಣಸು ಇಬ್ಬರೇ ಹೊರಟರು. ನೀರಿನ ಟ್ಯಾಂಕಿನ ಹಿಂದಿನ ರಸ್ತೆ ನೇರವಾಗಿದೆ, ಗಾಡಿಗಳೂ ಕಡಿಮೆ. ಅಜ್ಜ ನಿಧಾನವಾಗಿಯೇ ಓಡಿಸುತ್ತಿದ್ದರು. ಬೆಳಕು ರಸ್ತೆಯ ಮೇಲೆ ಬಿಳಿ ಬಟ್ಟೆ ಹಾಸಿದಂತೆ ಬಿದ್ದಿತ್ತು.

"ಅಲ್ಲಿ ಬೋರ್ಡ್ ಓದೋಕೆ ಬರ್ತಿದೆ! ಅಲ್ಲಿ ಗುಂಡಿ! ಕಲ್ಲು ಕೂಡ ಕಾಣ್ತಿದೆ!" ಮೆಣಸು ಸೀಟಿನ ತುದಿಯಲ್ಲಿ ಕೂತಿದ್ದಳು.

ದೂರದ ಕಂಬದ ಹತ್ತಿರ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದುದೂ ಅವಳಿಗೆ ಕಂಡಿತು. ಕ್ಯಾರಿಯರ್ ಮೇಲೆ ರಟ್ಟಿನ ದೊಡ್ಡ ಕಟ್ಟು. ಈಗ ಅಜ್ಜ ಬಲಕ್ಕೆ ತಿರುಗಿಸುತ್ತಾರೆ ಅಂದುಕೊಂಡಳು. ತಿರುಗಿಸಲಿಲ್ಲ. ಈಗ ಬ್ರೇಕ್ ಹಾಕುತ್ತಾರೆ. ಹಾಕಲಿಲ್ಲ. ರಟ್ಟಿನ ಕಟ್ಟು ದೊಡ್ಡದಾಗುತ್ತಾ ಬಂತು.

"ಅಜ್ಜಾ! ಸೈಕಲ್ಲು!"

ಆಮೆ ಕಿರ್ರೆಂದು ನಿಂತಿತು. ಸೈಕಲ್ಲಿನವರು ತಿರುಗಿ, ಬೆಳಕಿಗೆ ಕೈ ಅಡ್ಡ ಹಿಡಿದು, ಏನೋ ಬೈದು ಮುಂದೆ ಹೋದರು.

ಅಜ್ಜ ಕಾರನ್ನು ರಸ್ತೆ ಬದಿಗೆ ತಂದು ಎಂಜಿನ್ ಆರಿಸಿದರು.

"ನಿನಗೆ ಯಾವಾಗ ಕಂಡ್ರು ಮರಿ?"

"ಅವ್ರು... ಅಲ್ಲಿ, ಆ ಕಂಬದ ಹತ್ರ ಇದ್ದಾಗ."

ಅಜ್ಜ ಕಂಬದ ಕಡೆ ನೋಡಿದರು. "ನಂಗೆ ನೀನು ಕೂಗಿದ ಮೇಲೆ."

"ಅದು ಅವ್ರದ್ದೇ ತಪ್ಪು!" ಮೆಣಸಿನ ಗಂಟಲು ಏರಿತು. "ರಿಫ್ಲೆಕ್ಟರ್ ಯಾಕೆ ಹಾಕ್ಸಿಲ್ಲ? ಕಪ್ಪು ಶರ್ಟ್ ಯಾಕೆ ಹಾಕ್ಕೊಂಡಿದ್ರು? ಕತ್ತಲಲ್ಲಿ ಯಾರಾದ್ರೂ..."

"ಮರಿ," ಅಂದರು ಅಜ್ಜ.

ಅವಳು ನಿಲ್ಲಿಸಿದಳು.

"ಕೆಲವು ತಿಂಗಳಿಂದ ಹೀಗೇ ಇದೆ. ಕತ್ತಲಾದ್ರೆ ಎಲ್ಲದರ ಅಂಚೂ ಮಸುಕು. ಲೈಟಿಂದೇ ತಪ್ಪಿರ್ಲಿ ಅಂತ ನಾನೂ ಆಸೆ ಇಟ್ಕೊಂಡಿದ್ದೆ. ಲೈಟಿಂದೂ ತಪ್ಪಿತ್ತು. ಆದ್ರೆ ಅದೊಂದೇ ಅಲ್ಲ."

"ಮತ್ತೆ ಯಾಕಜ್ಜ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಅಜ್ಜ ಸಿಟ್ಟಿನಿಂದ ಹೇಳಿದ್ದಲ್ಲ. ಸುಮ್ಮನೆ ಕೇಳಿದರು. "ಅಪ್ಪ ಕೇಳ್ಬೇಕಿತ್ತು" ಅನ್ನಲು ಮೆಣಸು ಬಾಯಿ ತೆರೆದಳು. ಆಗ ಬಾಗಿಲಲ್ಲಿ ನಿಂತಿದ್ದ ಅಜ್ಜನ ಮುಖ ಅವಳ ಕಣ್ಣಮುಂದೆ ಬಂತು. ಏನೋ ಹೇಳಲು ಹೊರಟಿದ್ದ ಮುಖ. ಅವಳು ಬಾಯಿ ಮುಚ್ಚಿಕೊಂಡಳು.



"ಈಗ ಏನ್ ಮಾಡೋಣ ಅಜ್ಜ?" ಅಂದಳು ಕೊನೆಗೆ. ಕೇಳಿ ಸುಮ್ಮನೆ ಕಾದಳು.

ಅಜ್ಜ ಜೇಬಿನಿಂದ ಫೋನ್ ತೆಗೆದು ಅವಳಿಗೆ ಕೊಟ್ಟರು. "ಅಪ್ಪಂಗೆ ಫೋನ್ ಮಾಡು. ಬಂದು ಕಾರು ತಗೊಂಡು ಹೋಗ್ಲಿ. ಕಣ್ಣಿನ ಡಾಕ್ಟರ್ ಹತ್ರ ಹೋಗ್ಬೇಕು. ಅವ್ರು ಏನಂತಾರೋ ಕೇಳಿ, ಹಗಲು ಓಡಿಸೋದೋ ಬೇಡ್ವೋ ನೋಡೋಣ."

ಅಪ್ಪ ಓಡಿಕೊಂಡೇ ಬಂದರು. ಮೆಣಸಿನ ಕಿಟಕಿಗೆ ಬಗ್ಗಿ, ಏದುಸಿರು ಬಿಡುತ್ತಾ ಅವಳನ್ನೇ ಕೇಳಿದರು. "ಏನಾಯ್ತೇ? ಲೈಟ್ ಹೋಯ್ತಾ? ಅಜ್ಜಂಗೆ ಏನಾದ್ರೂ ಆಯ್ತಾ?"

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಮೆಣಸು ಅದನ್ನು ನುಂಗಿಕೊಂಡು ಅಜ್ಜನ ಕಡೆ ನೋಡಿದಳು.

ಅಜ್ಜ ಕೀ ತೆಗೆದು ತಮ್ಮ ಕಡೆಯ ಕಿಟಕಿಯಿಂದಾಚೆ ಚಾಚಿದರು. "ಲೈಟು ಚೆನ್ನಾಗಿದೆ ಕಣೋ," ಅಂದರು. "ಈ ಕಡೆ ಬಂದು ಕೂತ್ಕೋ. ನಾನು ಹೇಳ್ತೀನಿ."

ಮೆಣಸು ಅಜ್ಜನಿಗೆ ಜಾಗ ಬಿಟ್ಟು ಇಳಿದು, ಸದ್ದಾಗದಂತೆ ಬಾಗಿಲು ಹಾಕಿ, ಹಿಂದಿನ ಸೀಟಿಗೆ ಹೋಗಿ ಕೂತಳು.