ಬೀಜಕ್ಕೆ ಬಿಟ್ಟ ಹೂವು

"ಥೂ, ಕಳ್ಳ! ಕಾಡಿನ ಹೊಟ್ಟೆ ಬಗೆದು ತಂದು ಸಂತನಿಗೆ ಏರಿಸಿದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

ಹಬ್ಬದ ದಿನ, ಸಂತ ಇಸಿದ್ರೋನ ಚರ್ಚಿನ ಬಾಗಿಲಲ್ಲಿ, ಇಡೀ ಊರಿನೆದುರು, ನಿನ್ಫಾ ಕೂಗಿಬಿಟ್ಟಳು. ತುತ್ತೂರಿಯವರು ಊದುವುದನ್ನು ನಿಲ್ಲಿಸಿದರು. ಯಾರೋ ಕಿಸಕ್ಕನೆ ನಕ್ಕರು.

ಏಣಿಯ ಮೇಲಿದ್ದ ಎಲೀಸಿಯೋ ತಿರುಗಿ ನೋಡಿದ. ಅವನ ಹಿಂದೆ, ಎತ್ತರದ ಹೂಕಮಾನಿನ ತುಂಬ ಬೆಳ್ಳನೆಯ ಮ್ಯಾಗ್ನೋಲಿಯಾ ಹೂಗಳು...

ನಿನ್ಫಾ ಹಾಲಾಪಾ ನಗರದ ಸಸ್ಯೋದ್ಯಾನದಲ್ಲಿ ಸಸಿ ಬೆಳೆಸುವವಳು. ಈ ಊರಿನ ಗುಡ್ಡ ಬೋಳಾಗಿ ಒರತೆ ಬತ್ತುತ್ತ ಬಂದಿತ್ತು. ಅಲ್ಲಿ ಮತ್ತೆ ಕಾಡು ಏಳಬೇಕಾದರೆ ಆ ಗುಡ್ಡದ್ದೇ ಮರಗಳ ಬೀಜ ಬೇಕು. ಮ್ಯಾಗ್ನೋಲಿಯಾ ಉಳಿದದ್ದು ಒಂದೇ, ಮುದಿ ಮರ. ಪ್ರತಿ ಹಬ್ಬಕ್ಕೂ ಅದರ ಹೂವೆಲ್ಲ ಸಂತನ ಕಮಾನಿಗೇ. ಹೂವೇ ಉಳಿಯದ ಮೇಲೆ ಬೀಜ ಎಲ್ಲಿಂದ?

"ಈ ಸಲ ಮುಟ್ಟಲ್ಲ. ಆಣೆ," ಅಂದಿದ್ದ ಕಮಾನು ಕಟ್ಟುವ ಎಲೀಸಿಯೋ, ಅದೇ ಮರದ ಕೆಳಗೆ, ಅವಳ ಕೈ ಹಿಡಿದು. ಮಂಜು ಆ ಸಂಜೆ ಇಬ್ಬರನ್ನೂ ಸುತ್ತಿಕೊಂಡಿತ್ತು.

"ಮಾತಾಡೋ! ನಾಲಿಗೆ ಬಿದ್ದೋಯ್ತಾ?" ಏಣಿಯ ಬುಡದಿಂದ ನಿನ್ಫಾ ಮತ್ತೆ ಕೂಗಿದಳು.

"ಏ ಹುಡುಗಿ, ಸಂತನ ಹೂವಿಗೆ ಅಡ್ಡ ಬರ್ಬೇಡ!" ಹಬ್ಬದ ಯಜಮಾನ ದೋನ್ ಫಿದೆನ್ಸಿಯೋ ಗದರಿದ.

ಎಲೀಸಿಯೋ ತುಟಿ ಕಚ್ಚಿಕೊಂಡು ಒಂದು ಹೂವನ್ನು ಸರಿಮಾಡಿದ. ಅಷ್ಟೇ.

'ಇಂಥವನನ್ನೇ ನಾನು...' ಕಣ್ಣೀರು ಒರೆಸುತ್ತ ಅವಳು ಗುಡ್ಡ ಹತ್ತಿದಳು.

ಮರ ಕಾಣುವ ಮೊದಲೇ ಪರಿಮಳ ಬಂತು! ತಲೆಯೆತ್ತಿದಳು. ಕೊಂಬೆ ಕೊಂಬೆಯಲ್ಲೂ ಹೂವು, ಮಂಜಿನಲ್ಲಿ ತೇಲುವ ಬಿಳಿ ಹಕ್ಕಿಗಳ ಹಾಗೆ... ಒಂದನ್ನೂ ಕೊಯ್ದಿರಲಿಲ್ಲ.

ಹಾಗಾದರೆ ಕಮಾನಿನಲ್ಲಿರುವುದು?

ಓಡಿ ಬಂದಳು. ಜನವೆಲ್ಲ ಊಟಕ್ಕೆ ಹೋಗಿತ್ತು. ಏಣಿ ಹತ್ತಿ ಒಂದು ಹೂವು ಮುಟ್ಟಿದಳು. ಸರಸರ ಅಂದಿತು. ಮುಸುಕಿನ ಜೋಳದ ಸಿಪ್ಪೆ!

"ಶ್... ಕಿರುಚ್ಬೇಡ ಕಣೇ," ಕೆಳಗಿನಿಂದ ಎಲೀಸಿಯೋನ ಅಜ್ಜಿ ದೋನ್ಯಾ ಎನೆದಿನಾ ಪಿಸುಗುಟ್ಟಿದಳು. "ಯಜಮಾನನಿಗೆ ಗೊತ್ತಾದ್ರೆ ಈಗ್ಲೇ ಹೋಗಿ ಮರ ಬೋಳಿಸ್ತಾನೆ. ಅದಕ್ಕೇ ನನ್ನ ಮೊಮ್ಮಗ ನಿನ್ನ ಬೈಗುಳ ನುಂಗ್ಕೊಂಡಿದ್ದು. ಸಂತ ಸಿಟ್ಟಾದ್ರೆ ನನ್ಮೇಲಾಗ್ಲಿ ಬಿಡು, ಸಿಪ್ಪೆ ಕತ್ತರಿಸಿದೋಳು ನಾನೇ."

ನಿನ್ಫಾ ಕುಗ್ಗಿಹೋದಳು. ಎಲ್ಲರೆದುರು ಬೈದವಳು ಎಲ್ಲರೆದುರು ಕ್ಷಮೆ ಕೇಳುವ ಹಾಗೂ ಇರಲಿಲ್ಲ!

ಆಮೇಲೆ ಅವಳು ಊರಿಗೆ ಬಂದಾಗಲೆಲ್ಲ, ಕಂಡರೆ ಎಲೀಸಿಯೋ ಓಣಿ ಬದಲಿಸುತ್ತಿದ್ದ. ಮರದಲ್ಲಿ ಕಾಯಿ ಬಿರಿದು ಕೆಂಪು ಬೀಜ ಇಣುಕಿದಾಗ ಅಜ್ಜಿಯ ಕೈಲಿ ಕಳಿಸಿದ, ತಾನು ಬರಲಿಲ್ಲ. ಉದ್ಯಾನದ ನೆರಳಲ್ಲಿ ಅವು ಮೊಳೆತವು. ಎಳೆ ಎಲೆಗೆ ನೀರು ಚಿಮುಕಿಸುವಾಗಲೆಲ್ಲ ಅವಳಿಗೆ ಅವನದೇ ಮುಖ...

ಮುಂದಿನ ಮಳೆಗಾಲದಲ್ಲಿ ಸಸಿಗಳು ತಮ್ಮ ಗುಡ್ಡಕ್ಕೆ ಮರಳಿದವು. ನೆಡಲು ಊರವರು ಬಂದರು. ಎಲೀಸಿಯೋ ಕೂಡ.

ಮಂಜಿನಲ್ಲಿ ಅವಳು ಅವನ ದಾರಿಗೆ ಅಡ್ಡ ನಿಂತಳು.

"ತಪ್ಪಾಯ್ತು ಕಣೋ."

"ಯಾವುದಕ್ಕೆ? ಬೈದಿದ್ದಕ್ಕಾ, ಸಿಪ್ಪೇನ ಹೂವು ಅಂದ್ಕೊಂಡಿದ್ದಕ್ಕಾ? ಸಸ್ಯೋದ್ಯಾನದೋಳಂತೆ!"

"ಎರಡಕ್ಕೂ..." ಅಳುತ್ತಲೇ ನಕ್ಕಳು. "ಇವು ಹೂ ಬಿಡೋಕೆ ಎಷ್ಟೋ ವರ್ಷ ಬೇಕು. ಅಲ್ಲೀವರೆಗೂ ನಿನ್ಜೊತೆ ಇಲ್ಲೇ ಇದ್ಬಿಡ್ಲಾ? ನಂಗೆ ನೀನು ಬೇಕು ಕಣೋ, ಎಲೀಸಿಯೋ!"

ಅವನು ಬಗ್ಗಿ, ಅವಳ ಸಸಿಬುಟ್ಟಿಯನ್ನೂ ತನ್ನ ಹೆಗಲಿಗೇರಿಸಿಕೊಂಡು ಮೇಲಕ್ಕೆ ನಡೆದುಬಿಟ್ಟ... ಅವಳು ಬಂದು ಸೇರಿಕೊಳ್ಳುವಷ್ಟು ನಿಧಾನವಾಗಿ.