ಹಿಂದಿನ ಎರಡು ಚಕ್ರ ಕಳುವಾದ ಪ್ರಕರಣ

ಬೆಳಿಗ್ಗೆ ಏಳೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಬಟ್ಟೆ ಅಂಗಡಿಯವನ ಮುಖ ಕೆಂಡವಾಗಿತ್ತು. ಇನ್‌ಸ್ಪೆಕ್ಟರ್ ಮೇಡಂ ಆಗಷ್ಟೇ ಬಂದಿದ್ದರು, ಟೋಪಿಯನ್ನೂ ತೆಗೆದಿಟ್ಟಿರಲಿಲ್ಲ.

"ನನ್ನ ಕಾರಿನ ಹಿಂದಿನ ಎರಡು ಚಕ್ರ ಬಿಚ್ಕೊಂಡು ಹೋಗಿದಾರೆ ಮೇಡಂ. ಮನೆ ಮುಂದೇನೇ!"

"ಯಾವಾಗ ಗೊತ್ತಾಯ್ತು?"

"ಈಗ, ಎದ್ದು ನೋಡಿದಾಗ. ಹತ್ತು ಗಂಟೆಗೆ ಆಸ್ಪತ್ರೆಯಿಂದ ಅಪ್ಪನ್ನ ಕರ್ಕೊಂಡು ಬರ್ಬೇಕು. ಎದೆ ಆಪರೇಷನ್ ಆಗಿದೆ. ಬೆಟ್ಟ ಇಳಿಯೋ ದಾರಿ ಬೇರೆ. ಇವತ್ತೇ ಆಗ್ಬೇಕಿತ್ತಾ?"

"ಯಾರ ಮೇಲಾದ್ರೂ ಅನುಮಾನ?"

"ಯಾರ ಮೇಲೂ ಇಲ್ಲ."

ಈ ಉತ್ತರ ಮಾತ್ರ ಸ್ವಲ್ಪ ಬೇಗನೇ ಬಂತು. ಮೇಡಂ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಕಳವಿನ ಎಫ್‌ಐಆರ್ ದಾಖಲಿಸಿ ಹೆಡ್ ಕಾನ್‌ಸ್ಟೆಬಲ್ ಜೊತೆ ಹೊರಟರು.

ಎಂಟು ಗಂಟೆಗೆ ಸ್ಥಳ ಪಂಚನಾಮೆ ಶುರುವಾಯಿತು. ಕಾರಿನ ಹಿಂಭಾಗ ಮರದ ದಿಮ್ಮಿಗಳ ಮೇಲೆ ಭದ್ರವಾಗಿ ಕೂತಿತ್ತು. ಮುಂದಿನ ಚಕ್ರಗಳಿಗೆ ಕಲ್ಲು ಒತ್ತು ಕೊಟ್ಟಿತ್ತು. ಬಣ್ಣ ತರಚದಿರಲಿ ಎಂದು ದಿಮ್ಮಿಯ ಮೇಲೆ ಗೋಣಿಯನ್ನು ನಾಲ್ಕು ಮಡಿಕೆ ಮಡಿಸಿ ಹಾಸಿತ್ತು.

"ಎಂಥ ಮರ್ಯಾದಸ್ಥ ಕಳ್ಳ ಮೇಡಂ!" ಎಂದ ಹೆಡ್ ಕಾನ್‌ಸ್ಟೆಬಲ್. "ನನಗೆ ಇಂಥ ಅಳಿಯ ಸಿಕ್ಕಿದ್ರೆ ಸಾಕಿತ್ತು."

ಜಗಲಿಯಿಂದ ಬಟ್ಟೆ ಅಂಗಡಿಯವನ ತಾಯಿ ದನಿಗೂಡಿಸಿದರು. "ಚೆನ್ನಾಗಿದ್ದ ಕಾರಿಗೆ ಅದೇನೋ ತುರುಕಿಸಿ, ಕಾಲಗಲಿಸಿ ನಿಂತ ಎಮ್ಮೆ ಥರ ಮಾಡ್ಸಿದ. ಯಾರ ಕಣ್ಣು ಬಿತ್ತೋ!"

ತುರುಕಿಸಿದ್ದು ಸ್ಪೇಸರ್, ಅಂದರೆ ಚಕ್ರವನ್ನು ಹೊರಗೆ ದೂಡಿ ಕಾರನ್ನು ಗತ್ತಾಗಿ ಕಾಣಿಸುವ ದಪ್ಪ ಲೋಹದ ಬಿಲ್ಲೆ. ಅದನ್ನು ಹಾಕಿದರೆ ಚಕ್ರ ಹಿಡಿದಿಡುವ ಸ್ಟಡ್‌ಗಳನ್ನೂ ಉದ್ದದ್ದಕ್ಕೆ ಬದಲಿಸಲೇಬೇಕು. ಮೇಡಂ ಕುಕ್ಕರುಗಾಲಲ್ಲಿ ಕೂತು ನೋಡಿದರು. ಮುಂದಿನ ಸ್ಟಡ್‌ಗಳು ನಟ್ಟು ದಾಟಿ ಹೊರಗೆ ಇಣುಕುತ್ತಿದ್ದವು. ಹಿಂದೆ ಬಿಲ್ಲೆಗಳು ಹಾಗೇ ಇದ್ದವು, ಅವುಗಳಿಂದ ಹೊರಬಂದ ಸ್ಟಡ್ ಮಾತ್ರ ಮೋಟು. ಅದರ ಮೇಲೆ ಚಕ್ರ ಕೂರಿಸಿದರೆ ನಟ್ಟು ಎರಡು ಸುತ್ತು ಹಿಡಿದರೆ ಹೆಚ್ಚು.

"ಇದನ್ನ ಮುಗಿದ ಕೆಲಸ ಅಂತ ಕೊಟ್ಟೋರ್ಯಾರು?"

ಬಟ್ಟೆ ಅಂಗಡಿಯವನು ಚಪ್ಪಲಿ ನೋಡಿಕೊಂಡ.

"ಕೇಳಿದ್ದು ನಿಮ್ಮನ್ನೇ."

"ಕೊಡ್ಲಿಲ್ಲ ಮೇಡಂ. ನಾನೇ ತಂದೆ. ಗ್ಯಾರೇಜಿನ ನಟ್ಟಣ್ಣ ಇವತ್ತು ನಾಳೆ ಅಂತ ಸತಾಯಿಸ್ತಿದ್ದ. ನಿನ್ನೆ ಸಂಜೆ ಹೋದ್ರೆ ಅವನಿರಲಿಲ್ಲ, ನಾಲ್ಕೂ ಚಕ್ರ ಹಾಕಿತ್ತು. ಇನ್ನೊಂದು ಕೀ ನನ್ನ ಹತ್ರ ಇತ್ತಲ್ಲ..."

"ಆಮೇಲೆ ಅವನು ಫೋನ್ ಮಾಡ್ಲಿಲ್ವಾ?"

"ಮಾಡ್ತಾನೇ ಇದ್ದ. ಜಗಳಕ್ಕೆ ಅಂದ್ಕೊಂಡು ನಂಬರ್ ಬ್ಲಾಕ್ ಮಾಡ್ದೆ."

ಗ್ಯಾರೇಜು ಎರಡು ಬೀದಿ ಆಚೆ. ಬಾಗಿಲು ಹಾರುಹೊಡೆದಿತ್ತು. ಊರಿಗೆಲ್ಲ ನಟ್ಟಣ್ಣನಾದ ಮೆಕ್ಯಾನಿಕ್, ಎರಡು ಚಕ್ರಗಳ ನಡುವೆ ಸ್ಟೂಲು ಹಾಕಿ ಕೂತಿದ್ದ. ಪೊಲೀಸರನ್ನು ಕಂಡದ್ದೇ ಎದ್ದು ಕೈಮುಗಿದ.

"ಸದ್ಯ, ಬಂದ್ರಲ್ಲ! ಕಾರು ಮನೆ ಹತ್ರಾನೇ ಇದೆ ತಾನೇ?"

"ಇದೆ. ಚಕ್ರ ತೆಗೆದಿದ್ದು ನೀನೇನಾ?"

"ನಾನೇ."

"ಮೋಟು ಸ್ಟಡ್‌ಗೆ ಯಾಕೆ ಚಕ್ರ ಹಾಕಿದ್ದೆ?"

"ಲಿಫ್ಟ್ ಮೇಲೆ ಬೇರೆ ಗಾಡಿ ಹತ್ತಿಸ್ಬೇಕಿತ್ತು. ಇದನ್ನ ಪಕ್ಕಕ್ಕೆ ಉರುಳಿಸೋಕೆ ಅಂತ ನಟ್ಟು ಕಚ್ಚಿಸಿದ್ದೆ ಅಷ್ಟೇ. ನಾವೆಲ್ಲ ಹಾಗೇ ಮಾಡೋದು. ಉದ್ದದ ಸ್ಟಡ್ ತರೋಕೆ ಹೋಗಿ ಬರೋಷ್ಟ್ರಲ್ಲಿ ಕಾರೇ ಇಲ್ಲ. ಎದೆ ಒಡೆದುಹೋಯ್ತು. ಅಪ್ಪನ್ನ ಕರ್ಕೊಂಡು ಬೆಟ್ಟ ಇಳೀತೀನಿ ಅಂತ ಅವರೇ ಹೇಳಿದ್ರು. ಮನೆಗೆ ಹೋಗಿ ಕೂಗಿದೆ, ಬಾಗಿಲು ತೆಗೀಲಿಲ್ಲ."

"ಚೀಟಿ ಬರೆದಿಡ್ಬಹುದಿತ್ತು."

"ಹರಿದು ಬಿಸಾಕಿ ಹೊರಟುಬಿಟ್ಟಿದ್ರೆ?"

"ಗಾಳಿ ಬಿಡ್ಬಹುದಿತ್ತು."

"ತುಂಬಿಸ್ಕೊಂಡು ಹೋಗ್ತಿದ್ರು. ಚಕ್ರಾನೇ ಇಲ್ಲದಿದ್ರೆ ಎಲ್ಲಿಗೆ ಹೋಗ್ತಾರೆ ಮೇಡಂ?"

ಹೆಡ್ ಕಾನ್‌ಸ್ಟೆಬಲ್ ನಗು ತಡೆಯಲು ಗೋಡೆಯ ಕಡೆ ತಿರುಗಿದ. ಮೇಡಂ ನಗಲಿಲ್ಲ. ಚಕ್ರಗಳನ್ನು ಜಪ್ತಿ ಮಾಡಿ, ಪಂಚರ ಸಹಿ ಹಾಕಿಸಿ, ಒಂಬತ್ತೂವರೆಗೆ ನಟ್ಟಣ್ಣನನ್ನು ಬಂಧಿಸಿದರು.

ಠಾಣೆಗೆ ಬಂದ ಬಟ್ಟೆ ಅಂಗಡಿಯವನ ಕೈಗೆ ಮೇಡಂ ಒಂದು ನಟ್ಟು ಕೊಟ್ಟು, ಅದು ಎಷ್ಟು ಹಿಡಿದಿತ್ತು ಎಂದು ಉಗುರಿನ ತುದಿ ಇಟ್ಟು ತೋರಿಸಿದರು. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ದೂರು ವಾಪಸ್ ತಗೋತೀನಿ ಮೇಡಂ."

"ಅದು ಈಗ ಕೋರ್ಟಿನ ಮಾತು. ಜಾಮೀನಿಗೆ ಬೇಕಾದ್ರೆ ನಿಲ್ಲಿ."

ನಿಂತ. ಸಹಿ ಹಾಕಿ ಆಸ್ಪತ್ರೆಗೆ ಓಡಿದ.

ಮಧ್ಯಾಹ್ನ ಬಾಡಿಗೆ ಕಾರೊಂದು ಠಾಣೆಯೆದುರು ನಿಂತಿತು. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಒರಗಿದ್ದ ಮುದುಕರಿಗೆ ಮಗ ದಾರಿಯಲ್ಲಿ ಎಲ್ಲವನ್ನೂ ಹೇಳಿದ್ದ. ಮನೆಗೆ ಹೋಗುವ ಮೊದಲು ಕಳ್ಳನನ್ನು ನೋಡಲೇಬೇಕೆಂದು ಅವರು ಹಟ ಹಿಡಿದಿದ್ದರಂತೆ. ಜಾಮೀನಿನ ಕಾಗದಕ್ಕೆ ಇನ್ನೂ ಕಾಯುತ್ತಿದ್ದ ನಟ್ಟಣ್ಣನನ್ನು ಮೇಡಂ ತಾವೇ ಕಾರಿನ ಬಳಿಗೆ ಕರೆತಂದರು.

"ತಪ್ಪಾಯ್ತು ಯಜಮಾನ್ರೇ," ಎಂದು ಅವನು ತಲೆ ತಗ್ಗಿಸಿದ. "ಉರುಳಿಸೋಕೂ ಹಾಗೆ ಹಾಕ್ಬಾರ್ದಿತ್ತು."

"ಹತ್ರ ಬಾರಪ್ಪ, ಜೋರಾಗಿ ಮಾತಾಡೋಕಾಗಲ್ಲ," ಎಂದರು ಮುದುಕರು. ಗ್ರೀಸು ಹತ್ತಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆಸ್ಪತ್ರೆಯಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬಂದೆ. ಡಾಕ್ಟ್ರಿಗೆ, ನರ್ಸಮ್ಮಂಗೆ, ನೆಲ ಒರೆಸೋರಿಗೂ. ನೀನೊಬ್ಬ ಬಾಕಿ ಇದ್ದೆ."